ಎಕ್ಸೆಲ್ ಹಾಳೆಯಿಂದ ತಂತ್ರಾಂಶಕ್ಕೆ: ಗ್ರಾಹಕರ ಪಟ್ಟಿಯ ಸ್ಥಳಾಂತರದಲ್ಲಿ ವಹಿಸಬೇಕಾದ ಎಚ್ಚರ

ವ್ಯಾಪಾರಸ್ಥನಿಗೆ ಗೋದಾಮಿನ ಸರಕಿನಷ್ಟೇ ಬೆಲೆಬಾಳುವ ಆಸ್ತಿ ಅವನ ಗ್ರಾಹಕರ ಪಟ್ಟಿ. ದಂತ ಚಿಕಿತ್ಸಾಲಯ, ಕಣ್ಣಿನ ತಪಾಸಣೆಯೂ ನಡೆಯುವ ಕನ್ನಡಕದ ಅಂಗಡಿ, ತೆರಿಗೆ ಸಲಹೆಗಾರರ ಕಚೇರಿ, ತಾನು ಮಾರಿದ ಜನರೇಟರ್‌ಗಳನ್ನು ವಾರ್ಷಿಕ ನಿರ್ವಹಣಾ ಒಪ್ಪಂದದ ಮೇಲೆ ನೋಡಿಕೊಳ್ಳುವ ಸಣ್ಣ ಕಾರ್ಖಾನೆ, ಇವೆಲ್ಲವುಗಳ ದಿನಚರಿ ನಿಂತಿರುವುದು ಮೂರು ಪ್ರಶ್ನೆಗಳ ಉತ್ತರದ ಮೇಲೆ: ಯಾರು, ಯಾವ ದಿನ, ಎಷ್ಟು ಗಂಟೆಗೆ? ಈ ಉತ್ತರಗಳು ಮೊದಲು ರಿಜಿಸ್ಟರಿನಲ್ಲಿದ್ದವು. ಅನಂತರ ಎಕ್ಸೆಲ್ ಹಾಳೆಗೆ ಬಂದವು. ಈಗ ಅನೇಕ ಸಂಸ್ಥೆಗಳು ಅವನ್ನು ಭೇಟಿಗಳನ್ನು ನಿಗದಿಪಡಿಸುವ ತಂತ್ರಾಂಶಗಳಿಗೆ ವರ್ಗಾಯಿಸುತ್ತಿವೆ.

ತಂತ್ರಾಂಶದ ಬೆಲೆ, ಸೌಲಭ್ಯ, ಮಾಸಿಕ ಶುಲ್ಕ ಇವುಗಳ ಬಗ್ಗೆ ಮಾಲೀಕರು ಸಾಕಷ್ಟು ವಿಚಾರಿಸುತ್ತಾರೆ. ಆದರೆ ಹಳೆಯ ಹಾಳೆಗಳನ್ನು ಅದಕ್ಕೆ ಸೇರಿಸುವ ಕೆಲಸವನ್ನು ಮಾತ್ರ ಕಂಪ್ಯೂಟರ್ ಬಲ್ಲ ಗುಮಾಸ್ತರೊಬ್ಬರಿಗೆ ವಹಿಸಿ ಸುಮ್ಮನಾಗುವುದು ರೂಢಿ. ವಾಸ್ತವದಲ್ಲಿ ಗಣಕೀಕರಣದ ಸಾಫಲ್ಯ ನಿರ್ಧಾರವಾಗುವುದು ಈ ಹಂತದಲ್ಲಿಯೇ.

ಸ್ವೀಕೃತವಾದ ತಪ್ಪೇ ದೊಡ್ಡ ತಪ್ಪು

ತಂತ್ರಾಂಶವು ಒಂದು ಸಾಲನ್ನು ತಿರಸ್ಕರಿಸಿದರೆ ಪರದೆಯ ಮೇಲೆ ಸೂಚನೆ ಬರುತ್ತದೆ, ಯಾರಾದರೂ ಸರಿಪಡಿಸುತ್ತಾರೆ. ತಪ್ಪಾದ ಸಾಲನ್ನು ಸರಿಯೆಂದು ಸ್ವೀಕರಿಸಿದರೆ ಯಾವ ಸೂಚನೆಯೂ ಇರುವುದಿಲ್ಲ. ಗ್ರಾಹಕರು ಬಾಗಿಲಿಗೆ ಬಂದು ನಿಂತಾಗ, ಅಥವಾ ಬರಬೇಕಾದವರು ಬಾರದೆ ಹೋದಾಗ ಮಾತ್ರ ಅದು ಬೆಳಕಿಗೆ ಬರುತ್ತದೆ.

ದೊಡ್ಡ ಸಂಸ್ಥೆಗಳೂ ಇದಕ್ಕೆ ಹೊರತಲ್ಲ. ಕೋವಿಡ್ ಕಾಲದಲ್ಲಿ, 2020ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗಿನ ಅವಧಿಯಲ್ಲಿ, ಬ್ರಿಟನ್ನಿನ ದೈನಂದಿನ ಅಂಕಿಅಂಶಗಳಿಂದ 15,841 ಸೋಂಕಿನ ಪ್ರಕರಣಗಳು ಬಿಟ್ಟುಹೋದವು. ಪ್ರಯೋಗಾಲಯಗಳಿಂದ ಬಂದ ಮಾಹಿತಿಯನ್ನು ಇಂಗ್ಲೆಂಡಿನ ಆರೋಗ್ಯ ಇಲಾಖೆಯ ಸಂಸ್ಥೆಯು ಎಕ್ಸೆಲ್‌ನ ಹಳೆಯ ಮಾದರಿಯ ಕಡತಗಳಿಗೆ ತುಂಬಿಸುತ್ತಿತ್ತು. ಆ ಮಾದರಿಯ ಒಂದು ಹಾಳೆಯಲ್ಲಿ 65,536 ಸಾಲುಗಳಿಗಿಂತ ಹೆಚ್ಚು ಹಿಡಿಯುವುದಿಲ್ಲ. ಹೆಚ್ಚಾದ ಸಾಲುಗಳು ಸದ್ದಿಲ್ಲದೆ ಹೊರಗುಳಿದವು. ಆ ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಪತ್ತೆಹಚ್ಚುವ ಕೆಲಸವೂ ತಡವಾಯಿತು. ಹೊಸ ಮಾದರಿಯಲ್ಲಿ ಈ ಮಿತಿ 10,48,576 ಸಾಲುಗಳಿಗೆ ಏರಿದೆ. ಸಣ್ಣ ಸಂಸ್ಥೆಗಳ ಪಟ್ಟಿ ಅಷ್ಟು ಬೆಳೆಯುವುದಿಲ್ಲವಾದರೂ, ಮಾಹಿತಿ ಮೌನವಾಗಿ ಕೆಡಬಲ್ಲುದೆಂಬ ಪಾಠ ಎಲ್ಲರಿಗೂ ಅನ್ವಯಿಸುತ್ತದೆ.

ದಿನಾಂಕದ ಗೊಂದಲ

ನಮ್ಮಲ್ಲಿ 05/06/2025 ಎಂದರೆ ಜೂನ್ 5. ಅಮೆರಿಕದ ಪದ್ಧತಿಯಂತೆ ಸಿದ್ಧವಾದ ತಂತ್ರಾಂಶಕ್ಕೆ ಅದೇ ಬರಹ ಮೇ 6. ತಿಂಗಳ 13ನೆಯ ತಾರೀಖಿನಿಂದ ಮುಂದಿನ ದಿನಾಂಕಗಳಲ್ಲಿ ಈ ವ್ಯತ್ಯಾಸ ಕೂಡಲೇ ಪತ್ತೆಯಾಗುತ್ತದೆ. ಹದಿಮೂರನೆಯ ತಿಂಗಳೆಂಬುದು ಇಲ್ಲವಾದ್ದರಿಂದ ತಂತ್ರಾಂಶ ಅವನ್ನು ತಿರಸ್ಕರಿಸುತ್ತದೆ. ಮೊದಲ ಹನ್ನೆರಡು ತಾರೀಖುಗಳ ಸ್ಥಿತಿ ಬೇರೆ. ವರ್ಷದಲ್ಲಿ ಇಂತಹ 144 ದಿನಗಳಿದ್ದು, ದಿನ ಮತ್ತು ತಿಂಗಳು ಒಂದೇ ಆಗಿರುವ 12ನ್ನು ಕಳೆದರೆ, ಉಳಿದ 132 ದಿನಗಳು ಅದಲುಬದಲಾದರೂ ಯಾರ ಗಮನಕ್ಕೂ ಬರುವುದಿಲ್ಲ. ವರ್ಷವನ್ನು ಮೊದಲು, ಅನಂತರ ತಿಂಗಳು, ಕೊನೆಗೆ ದಿನವನ್ನು ಬರೆಯುವ ಅಂತರರಾಷ್ಟ್ರೀಯ ಮಾನಕವು 1988ರಿಂದಲೂ ಪ್ರಚಲಿತವಿದೆ. ಆಮದು ಮಾಡುವ ಕಡತದಲ್ಲಿ 2025-06-05 ಎಂದು ಬರೆಯುವುದು ಅತ್ಯಂತ ಸುರಕ್ಷಿತ.

ವರ್ಷವನ್ನು ಎರಡೇ ಅಂಕಿಗಳಲ್ಲಿ ಬರೆಯುವುದೂ ಅಪಾಯಕರ. ವೃದ್ಧ ರೋಗಿಯೊಬ್ಬರ ಜನ್ಮವರ್ಷವನ್ನು 28 ಎಂದು ನಮೂದಿಸಿದ್ದರೆ ಎಕ್ಸೆಲ್ ಅದನ್ನು 2028 ಎಂದು ಓದುತ್ತದೆ. 12/5 ಎಂಬ ಮನೆ ಸಂಖ್ಯೆಯನ್ನು ಬರೆದೊಡನೆ ಅದು ಮೇ 12 ಆಗಿಬಿಡುತ್ತದೆ. ಈ ಗುಣದಿಂದ ವಿಜ್ಞಾನಿಗಳೂ ಬೇಸತ್ತಿದ್ದರು. ಮಾರ್ಚ್, ಸೆಪ್ಟೆಂಬರ್ ತಿಂಗಳುಗಳ ಹೆಸರನ್ನು ಹೋಲುವ ಕೆಲವು ಮಾನವ ವಂಶವಾಹಿಗಳ ಸಂಕೇತಗಳು ಎಕ್ಸೆಲ್‌ನಲ್ಲಿ ದಿನಾಂಕಗಳಾಗಿ ಬದಲಾಗುತ್ತಿದ್ದುದರಿಂದ, 2020ರಲ್ಲಿ ಆ ಸಂಕೇತಗಳನ್ನೇ ಬದಲಾಯಿಸಿದ ವಿಷಯ ಪ್ರಕಟವಾಯಿತು.

ವೇಳೆಯ ವಿಷಯದಲ್ಲಿಯೂ ಎಚ್ಚರ ಬೇಕು. ಭಾರತೀಯ ಕಾಲಮಾನವು ಜಾಗತಿಕ ಕಾಲಮಾನಕ್ಕಿಂತ ಐದೂವರೆ ಗಂಟೆ ಮುಂದಿದೆ. ತಂತ್ರಾಂಶದ ಖಾತೆಯಲ್ಲಿ ಭಾರತೀಯ ಕಾಲಮಾನವನ್ನು ಆಯ್ದುಕೊಳ್ಳದೆ ಪಟ್ಟಿಯನ್ನು ಸೇರಿಸಿ, ಅನಂತರ ಅದನ್ನು ಸರಿಪಡಿಸಹೊರಟರೆ, ಬೆಳಿಗ್ಗೆ 10 ಗಂಟೆಯ ಭೇಟಿ ಮಧ್ಯಾಹ್ನ 3.30ಕ್ಕೆ ಹೋಗಿ ಕುಳಿತುಕೊಳ್ಳುವ ಸಂಭವವಿದೆ. ಆದ್ದರಿಂದ ಕಾಲಮಾನದ ಆಯ್ಕೆ ಮೊದಲ ಕೆಲಸವಾಗಬೇಕು.

ದೂರವಾಣಿ ಸಂಖ್ಯೆಗಳು

ದೂರವಾಣಿ ಸಂಖ್ಯೆಯನ್ನು ಯಾರೂ ಕೂಡುವುದಿಲ್ಲ, ಕಳೆಯುವುದಿಲ್ಲ. ಆದರೂ ಎಕ್ಸೆಲ್ ಅದನ್ನು ಲೆಕ್ಕದ ಅಂಕಿಯೆಂದೇ ಭಾವಿಸುತ್ತದೆ. ಪರಿಣಾಮವಾಗಿ ಬೆಂಗಳೂರಿನ 080, ಮಂಗಳೂರಿನ 0824, ಹುಬ್ಬಳ್ಳಿಯ 0836 ಮುಂತಾದ ಸಂಕೇತಗಳ ಮೊದಲ ಸೊನ್ನೆ ಮಾಯವಾಗುತ್ತದೆ. ಮೊಬೈಲ್ ಸಂಖ್ಯೆಯ ಹಿಂದೆ 91 ಸೇರಿಸಿ ಹನ್ನೆರಡು ಅಂಕಿಗಳಾದರೆ, ಅದು ದಶಮಾಂಶ ಬಿಂದುವೂ ಘಾತಸೂಚಿಯೂ ಇರುವ ಸಂಕ್ಷಿಪ್ತ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಅದೇ ಸ್ಥಿತಿಯಲ್ಲಿ ಸಿ.ಎಸ್.ವಿ. ಕಡತವಾಗಿ ಉಳಿಸಿದರೆ ಕಣ್ಣಿಗೆ ಕಾಣುವಷ್ಟು ಮಾತ್ರ ಉಳಿದು, ಹಿಂದಿನ ಅಂಕಿಗಳು ಶಾಶ್ವತವಾಗಿ ನಷ್ಟವಾಗುತ್ತವೆ. ಸಂಖ್ಯೆಗಳನ್ನು ತುಂಬುವ ಮೊದಲೇ ಆ ಕಾಲಂ ಅನ್ನು ‘ಟೆಕ್ಸ್ಟ್’ ಎಂದು ಗೊತ್ತುಪಡಿಸುವುದೇ ಇದಕ್ಕೆ ಪರಿಹಾರ.

ಇಲ್ಲಿ ಇನ್ನೊಂದು ಮಾತು. ಸಿದ್ಧವಾದ ಸಿ.ಎಸ್.ವಿ. ಕಡತವನ್ನು ಪರೀಕ್ಷಿಸಲೆಂದು ಮತ್ತೆ ಎಕ್ಸೆಲ್‌ನಲ್ಲಿ ತೆರೆದು ಉಳಿಸಿದರೆ ಈ ದೋಷಗಳೆಲ್ಲ ಮರಳಿ ಬರುತ್ತವೆ. ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡುವುದು ಲೇಸು.

ಹೆಸರು ಒಂದು, ರೂಪ ಹಲವು

ಬಹುತೇಕ ತಂತ್ರಾಂಶಗಳು ಹೆಸರು ಮತ್ತು ಕುಲನಾಮ ಎಂಬ ಎರಡು ಕಾಲಂಗಳನ್ನು ನಿರೀಕ್ಷಿಸುತ್ತವೆ. ಉತ್ತರ ಕರ್ನಾಟಕದಲ್ಲಿ ಪಾಟೀಲ, ಕುಲಕರ್ಣಿ ಮುಂತಾದ ಅಡ್ಡಹೆಸರುಗಳಿರುವುದರಿಂದ ಇದು ಹೊಂದುತ್ತದೆ. ಹಳೆಯ ಮೈಸೂರು ಪ್ರಾಂತ್ಯದಲ್ಲಿ ಊರು ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಬಳಸುವುದೇ ಹೆಚ್ಚು. ಹೀಗಾಗಿ ಎಸ್. ಮಂಜುನಾಥ, ಮಂಜುನಾಥ ಎಸ್., ಮಂಜುನಾಥ್ ಎಂಬ ಮೂರು ನಮೂದುಗಳು ಒಬ್ಬರದೇ ಆಗಿರಬಹುದು, ಮೂವರದೂ ಆಗಿರಬಹುದು. ಇದನ್ನು ಬಲ್ಲವರು ಕೌಂಟರಿನಲ್ಲಿ ಕುಳಿತ ಹಳೆಯ ಸಿಬ್ಬಂದಿಯೇ ಹೊರತು ಯಂತ್ರವಲ್ಲ.

ನಕಲು ನಮೂದುಗಳನ್ನು ಮೊಬೈಲ್ ಸಂಖ್ಯೆಯ ಆಧಾರದಲ್ಲಿ ಒಗ್ಗೂಡಿಸುವ ಸೌಲಭ್ಯ ಅನೇಕ ತಂತ್ರಾಂಶಗಳಲ್ಲಿದೆ. ಆದರೆ ನಮ್ಮ ಮನೆಗಳಲ್ಲಿ ತಾಯಿ, ಮಗ, ಅಜ್ಜಿ ಮೂವರಿಗೂ ಒಂದೇ ಸಂಖ್ಯೆ ಕೊಟ್ಟಿರುವುದು ಸಾಮಾನ್ಯ. ದಂತ ಚಿಕಿತ್ಸಾಲಯವೊಂದರಲ್ಲಿ ತಾಯಿಗೆ ಪೆನಿಸಿಲಿನ್ ಅಲರ್ಜಿ ಇದೆಯೆಂದು ಬರೆದಿದ್ದು, ಮಗನ ನಮೂದಿನಲ್ಲಿ ಆ ಸ್ಥಳ ಖಾಲಿಯಿದೆಯೆಂದು ಭಾವಿಸಬಹುದು. ಎರಡೂ ಒಂದಾಗಿ, ಮಗನ ಖಾಲಿ ನಮೂದು ತಾಯಿಯ ಟಿಪ್ಪಣಿಯನ್ನು ಅಳಿಸಿದರೆ ಅದು ಪ್ರಾಣಕ್ಕೇ ಸಂಚಕಾರ. ಕಾರ್ಖಾನೆಗಳ ವಿಷಯದಲ್ಲಿಯೂ ಒಂದೇ ಸಂಪರ್ಕ ಸಂಖ್ಯೆಯಡಿ ನಾಲ್ಕು ಯಂತ್ರಗಳಿರಬಹುದು. ಅವುಗಳ ನಿರ್ವಹಣೆಯ ದಿನಾಂಕಗಳು ಬೇರೆಬೇರೆ.

ಆದ್ದರಿಂದ ಪ್ರತಿಯೊಬ್ಬ ಗ್ರಾಹಕನಿಗೂ, ಅಗತ್ಯವಿದ್ದಲ್ಲಿ ಪ್ರತಿಯೊಂದು ಯಂತ್ರಕ್ಕೂ, ಒಂದು ಪ್ರತ್ಯೇಕ ಕ್ರಮಸಂಖ್ಯೆ ನೀಡುವುದು ಅವಶ್ಯ. ಮೊದಲು ಗ್ರಾಹಕರ ಕಡತವನ್ನೂ, ಅನಂತರ ಅದೇ ಕ್ರಮಸಂಖ್ಯೆಗಳನ್ನು ಹೊತ್ತ ಭೇಟಿಗಳ ಕಡತವನ್ನೂ ಸೇರಿಸಬೇಕು. ಭೇಟಿಗಳನ್ನು ಬರಿಯ ಹೆಸರಿನ ಮೇಲೆ ಜೋಡಿಸಿದರೆ ಒಬ್ಬ ಮಂಜುನಾಥರ ಸರದಿಗೆ ಇನ್ನೊಬ್ಬ ಮಂಜುನಾಥರು ಬರುತ್ತಾರೆ.

ಕನ್ನಡ ಅಕ್ಷರಗಳ ಪಾಡು

ಕರ್ನಾಟಕದ ಉದ್ಯಮಿಗಳಿಗೆ ವಿಶೇಷವಾದ ತೊಡಕೊಂದಿದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಪಟ್ಟಿಗಳು ಇಂದಿಗೂ ಅನೇಕ ಕಚೇರಿಗಳಲ್ಲಿವೆ. ಅಲ್ಲಿ ಕನ್ನಡವಾಗಿ ಕಾಣುವುದು ಫಾಂಟಿನ ರೂಪ ಮಾತ್ರ. ಒಳಗೆ ದಾಖಲಾಗಿರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳು. ಹೊಸ ತಂತ್ರಾಂಶಕ್ಕೆ ಸೇರಿಸಿದೊಡನೆ ಹೆಸರುಗಳು ಅರ್ಥವಿಲ್ಲದ ಚಿಹ್ನೆಗಳ ಸಾಲಾಗುತ್ತವೆ. ಇವನ್ನು ಮೊದಲು ಪರಿವರ್ತಕದ ಸಹಾಯದಿಂದ ಯೂನಿಕೋಡ್‌ಗೆ ಬದಲಾಯಿಸಿ, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಕಣ್ಣಾರೆ ನೋಡಿ ತಿದ್ದಬೇಕು. ಯೂನಿಕೋಡ್‌ನಲ್ಲಿದ್ದ ಪಟ್ಟಿಯನ್ನು ಕೂಡ ಸಾಮಾನ್ಯ ಸಿ.ಎಸ್.ವಿ. ಆಗಿ ಉಳಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತದೆ. ‘ಸಿ.ಎಸ್.ವಿ. ಯುಟಿಎಫ್-8’ ಎಂಬ ಆಯ್ಕೆಯನ್ನೇ ಬಳಸಬೇಕು.

ಬಣ್ಣದಲ್ಲಿ ಅಡಗಿದ ಮಾಹಿತಿ

ದೀರ್ಘಕಾಲ ಬಳಕೆಯಲ್ಲಿರುವ ಹಾಳೆಯಲ್ಲಿ ಬರೆಯದ ಮಾಹಿತಿಯೂ ಇರುತ್ತದೆ. ಹಳದಿ ಬಣ್ಣವೆಂದರೆ ಬಾಕಿ ಹಣ, ಕೆಂಪೆಂದರೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಬೇಕಾದವರು, ಹಸಿರೆಂದರೆ ಸಂಜೆಯ ವೇಳೆ ಮಾತ್ರ ಬರುವವರು. ಸಿ.ಎಸ್.ವಿ. ಕಡತಕ್ಕೆ ಬಣ್ಣ ತಿಳಿಯದು. ಕೋಶಕ್ಕೆ ಅಂಟಿಸಿದ ಟಿಪ್ಪಣಿಗಳೂ ಅದರಲ್ಲಿ ಉಳಿಯುವುದಿಲ್ಲ. ಒಂದು ಪುಸ್ತಕದಲ್ಲಿ ಹತ್ತು ಹಾಳೆಗಳಿದ್ದರೆ ತೆರೆದಿರುವ ಒಂದು ಹಾಳೆ ಮಾತ್ರ ಉಳಿಯುತ್ತದೆ. ಆದಕಾರಣ ಪ್ರತಿ ಬಣ್ಣಕ್ಕೂ ಒಂದು ಕಾಲಂ ತೆರೆದು, ಅದರ ಅರ್ಥವನ್ನು ಅಕ್ಷರಗಳಲ್ಲಿ ಬರೆಯಬೇಕು. ಹಲವು ವರ್ಷಗಳ ಅನುಭವವುಳ್ಳ ಸಿಬ್ಬಂದಿಯನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಈ ಕೆಲಸ ಮಾಡತಕ್ಕದ್ದು.

ಅನುಸರಿಸಬೇಕಾದ ಕ್ರಮ

1. ಮೂಲ ಹಾಳೆಯ ಒಂದು ಪ್ರತಿಯನ್ನು ಬೇರೆಡೆ ಭದ್ರವಾಗಿರಿಸಿ, ಕೆಲಸವನ್ನು ಇನ್ನೊಂದು ಪ್ರತಿಯಲ್ಲಿ ಮಾಡಬೇಕು.

2. ಆಮದಿಗೆ ಮುಂಚೆ ತಂತ್ರಾಂಶದ ಸ್ವಯಂಚಾಲಿತ ಜ್ಞಾಪನಾ ಸಂದೇಶಗಳನ್ನು ನಿಲ್ಲಿಸಬೇಕು. ಇಲ್ಲವಾದರೆ ಮುಗಿದುಹೋದ ಭೇಟಿಗಳಿಗೂ ಗ್ರಾಹಕರಿಗೆ ಸಂದೇಶ ಹೋದೀತು. ವಾಣಿಜ್ಯ ಸಂಸ್ಥೆಗಳು ಕಳುಹಿಸುವ ಎಸ್.ಎಂ.ಎಸ್.ಗಳಿಗೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2018ರ ನಿಬಂಧನೆಗಳಂತೆ ಶಿರೋನಾಮೆ ಮತ್ತು ಮಾದರಿಗಳ ನೋಂದಣಿ ಕಡ್ಡಾಯವೆಂಬುದೂ ನೆನಪಿನಲ್ಲಿರಬೇಕು.

3. ಮೊದಲಿಗೆ ಇಪ್ಪತ್ತು ಸಾಲುಗಳನ್ನು ಮಾತ್ರ ಪ್ರಯೋಗಾರ್ಥವಾಗಿ ಸೇರಿಸಬೇಕು. ಸುಲಭವಾದವನ್ನು ಆರಿಸದೆ, ಕ್ಲಿಷ್ಟವಾದವನ್ನೇ ಆರಿಸಬೇಕು: ಒಂದೇ ಮೊಬೈಲಿನ ಕುಟುಂಬ, ಅಲ್ಪವಿರಾಮಗಳಿರುವ ವಿಳಾಸ, ಕನ್ನಡದ ಹೆಸರು, ತಿಂಗಳ ಮೊದಲ ವಾರದ ದಿನಾಂಕ, ಆರು ತಿಂಗಳಿಗೊಮ್ಮೆ ಮರುಕಳಿಸುವ ಭೇಟಿ.

4. ಪೂರ್ಣ ಆಮದಿನ ನಂತರ, ಲಾರಿಯಿಂದ ಇಳಿದ ಸರಕನ್ನು ಇನ್‌ವಾಯ್ಸಿನೊಂದಿಗೆ ತಾಳೆ ನೋಡುವಂತೆ, ಲೆಕ್ಕ ತಾಳೆ ಮಾಡಬೇಕು. ಒಟ್ಟು ಗ್ರಾಹಕರೆಷ್ಟು, ಮುಂದಿನ ಪ್ರತಿ ದಿನದ ಭೇಟಿಗಳೆಷ್ಟು, ಬಾಕಿ ಮೊತ್ತವೆಷ್ಟು ಎಂಬ ಅಂಕಿಗಳು ಎರಡೂ ಕಡೆ ಒಂದೇ ಆಗಿರಬೇಕು. ಒಟ್ಟು ಸಂಖ್ಯೆ ಸರಿಹೊಂದಿದ ಮಾತ್ರಕ್ಕೆ ತೃಪ್ತರಾಗಕೂಡದು. ಅದಲುಬದಲಾದ ದಿನಾಂಕ ಸಿಕ್ಕಿಬೀಳುವುದು ದಿನವಾರು ಲೆಕ್ಕದಲ್ಲಿ.

5. ಕನಿಷ್ಠ ಎರಡು ವಾರ ಹಳೆಯ ಹಾಳೆಯನ್ನೂ ಹೊಸ ತಂತ್ರಾಂಶವನ್ನೂ ಜೊತೆಜೊತೆಯಾಗಿ ನಡೆಸಬೇಕು. ಅನಂತರ ಹಳೆಯ ಹಾಳೆಯನ್ನು ಓದಲಷ್ಟೇ ಬರುವಂತೆ ಮಾಡಿ ಕಾಪಿಡಬೇಕು. ಇಬ್ಬರು ಎರಡು ಕಡೆ ನಮೂದಿಸುತ್ತಾ ಹೋದರೆ ಎರಡೂ ಕೆಡುತ್ತವೆ.

ಗ್ರಾಹಕರ ಮಾಹಿತಿ, ಮಾಲೀಕರ ಹೊಣೆ

ಕೆಲಸ ಬೇಗ ಮುಗಿಯಲೆಂದು ಇಡೀ ಪಟ್ಟಿಯನ್ನು ತಂತ್ರಾಂಶ ಮಾರುವವರಿಗೆ ವಾಟ್ಸಾಪ್ ಮೂಲಕ ಕಳುಹಿಸುವ ಪರಿಪಾಠ ಸರಿಯಲ್ಲ. 2023ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳನ್ನು 2025ರ ನವೆಂಬರ್‌ನಲ್ಲಿ ಅಧಿಸೂಚಿಸಲಾಗಿದ್ದು, ಪ್ರಮುಖ ಹೊಣೆಗಳ ಪಾಲನೆಗೆ 18 ತಿಂಗಳ ಕಾಲಾವಕಾಶ ನೀಡಲಾಗಿದೆ. ವೈಯಕ್ತಿಕ ಮಾಹಿತಿಯ ಸುರಕ್ಷತೆಗೆ ಸಮಂಜಸ ಕ್ರಮ ಕೈಗೊಳ್ಳದಿದ್ದಲ್ಲಿ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಲು ಕಾಯ್ದೆಯಲ್ಲಿ ಅವಕಾಶವಿದೆ. ಮಾಹಿತಿಯನ್ನು ಸಂಸ್ಕರಿಸುವವರು ಬೇರೆಯವರಾದರೂ, ಗ್ರಾಹಕರಿಂದ ಅದನ್ನು ಪಡೆದ ಸಂಸ್ಥೆಯೇ ಜವಾಬ್ದಾರಿ ಹೊರಬೇಕು. ಸ್ಥಳಾಂತರದ ಸಮಯದಲ್ಲಿಯೇ ಅನಗತ್ಯ ಕಾಲಂಗಳನ್ನು ಕೈಬಿಡುವುದು ಜಾಣತನ. ಹಲ್ಲಿನ ಚಿಕಿತ್ಸೆಗೆ ಬರುವವರ ಆಧಾರ್ ಸಂಖ್ಯೆ ಭೇಟಿಯ ವೇಳಾಪಟ್ಟಿಗೆ ಬೇಕಾಗಿಲ್ಲ. ತಂತ್ರಾಂಶವನ್ನು ಕೊಳ್ಳುವ ಮೊದಲೇ, ಮುಂದೊಂದು ದಿನ ಅದನ್ನು ಬಿಡಬೇಕಾದಲ್ಲಿ ಮಾಹಿತಿಯನ್ನು ಪೂರ್ಣವಾಗಿ ಹಿಂಪಡೆಯಲು ಸಾಧ್ಯವೇ ಎಂಬುದನ್ನೂ ಲಿಖಿತವಾಗಿ ಕೇಳಿಕೊಳ್ಳಬೇಕು.

ಹಾಳೆಯನ್ನು ಶುಚಿಗೊಳಿಸುವ ಈ ಶ್ರಮ ಕೆಲವು ದಿನಗಳದು. ಅದನ್ನು ಉಳಿಸಲು ಹೋದರೆ ತೆರಬೇಕಾದ ಬೆಲೆ ಲೆಕ್ಕದ ಪುಸ್ತಕದಲ್ಲಿ ಕಾಣುವುದಿಲ್ಲ: ಹೇಳಿದ ವೇಳೆಗೆ ಬಂದು ಹಿಂತಿರುಗಿದ ಗ್ರಾಹಕರು, ಸಕಾಲದಲ್ಲಿ ನಿರ್ವಹಣೆ ದೊರೆಯದೆ ಕೆಟ್ಟುನಿಂತ ಯಂತ್ರ, ಬೇರೆಯವರ ಟಿಪ್ಪಣಿ ನೋಡಿ ನೀಡಿದ ಔಷಧ. ಪಟ್ಟಿಯ ಪ್ರತಿಯೊಂದು ಸಾಲಿನ ಹಿಂದೆ ಸಂಸ್ಥೆಯನ್ನು ನಂಬಿದ ವ್ಯಕ್ತಿಯೊಬ್ಬರಿದ್ದಾರೆ. ಆದ್ದರಿಂದ ಬಣ್ಣಗಳ ಅರ್ಥವನ್ನು ಗೊತ್ತುಪಡಿಸುವುದು, ಯಾವ ನಮೂದುಗಳು ಒಬ್ಬರವೇ ಎಂದು ತೀರ್ಮಾನಿಸುವುದು, ಕಡೆಯ ತಾಳೆಪಟ್ಟಿಗೆ ಸಹಿ ಹಾಕುವುದು, ಈ ಮೂರು ಕೆಲಸಗಳನ್ನು ಮಾಲೀಕರು ತಾವೇ ನಿಂತು ಮಾಡಿಸುವುದು ಒಳಿತು.