ಮಗು ಹಟಮಾರಿಯೋ, ಕಿವಿ ಕೇಳಿಸುತ್ತಿಲ್ಲವೋ?



"ಎಷ್ಟು ಕೂಗಿದ್ರೂ ತಿರುಗಿ ನೋಡಲ್ಲ, ಟಿ.ವಿ. ಹತ್ರಾನೇ ಕೂರ್ತಾನೆ" ಎಂದು ಸಂಘದ ಸಭೆಗಳಲ್ಲಿ ತಾಯಂದಿರು ಹೇಳುವುದುಂಟು. ಬೈಯುವ ಮುಂಚೆ ಮಗುವಿನ ಕಿವಿ ಪರೀಕ್ಷೆ ಮಾಡಿಸಿ.

ಕಿವಿಯ ತಮಟೆಯ ಹಿಂದೆ ಗಾಳಿ ತುಂಬಿದ ಚಿಕ್ಕ ಜಾಗವಿದೆ. ಅಲ್ಲಿಂದ ಮೂಗಿನ ಹಿಂಭಾಗಕ್ಕೆ ಒಂದು ನಾಳ ಹೋಗುತ್ತದೆ. ನೆಗಡಿಯಲ್ಲಿ ಈ ನಾಳ ಕಟ್ಟಿಕೊಂಡರೆ ಒಳಗೆ ನೀರು ನಿಂತು ಶಬ್ದ ಮಂದವಾಗುತ್ತದೆ. ಸಾಮಾನ್ಯವಾಗಿ ನೋವಿಲ್ಲ, ಕಿವಿ ಸೋರುವುದಿಲ್ಲ. ಅದಕ್ಕೇ ಮನೆಯವರಿಗೆ ಗೊತ್ತಾಗೋದಿಲ್ಲ. ಮಗುವಿನ ಮಾತು, ಓದು ಹಿಂದೆ ಬೀಳಬಹುದು.

ಪತ್ತೆ ಮಾಡುವುದು ಹೇಗೆ?

1. ಡಾಕ್ಟರು ದೀಪವಿರುವ ಸಾಧನದಿಂದ ತಮಟೆಯನ್ನು ನೋಡುತ್ತಾರೆ.

2. ಟಿಂಪನೋಮೆಟ್ರಿ: ಕಿವಿಗೆ ಮೆತ್ತನೆಯ ತುದಿ ಇಟ್ಟು ಗಾಳಿಯ ಒತ್ತಡ ಬದಲಿಸುತ್ತಾರೆ. ತಮಟೆ ಚೆನ್ನಾಗಿ ಅಲುಗಿದರೆ ಯಂತ್ರದಲ್ಲಿ ಗೆರೆ ಗುಡ್ಡದಂತೆ ಏಳುತ್ತದೆ. ನೀರಿದ್ದರೆ ಚಪ್ಪಟೆಯಾಗಿ ಬರುತ್ತದೆ. ಸೂಜಿ ಇಲ್ಲ, ಹೆದರಬೇಡಿ.

3. ಶ್ರವಣ ಪರೀಕ್ಷೆ: ಎಷ್ಟು ಕೇಳಿಸುತ್ತದೆ ಎಂದು ಅಳೆಯುತ್ತಾರೆ.

ಹೆಚ್ಚಿನ ಮಕ್ಕಳಲ್ಲಿ 3 ತಿಂಗಳೊಳಗೆ ನೀರು ತಾನಾಗಿ ಹೋಗುತ್ತದೆ. ಆದರೂ ಡಾಕ್ಟರು ಹೇಳಿದ ದಿನ ಮರುಪರೀಕ್ಷೆ ತಪ್ಪಿಸಬೇಡಿ. ನೀರು ಉಳಿದು ಕಿವಿ ಮಂದವೇ ಆಗಿದ್ದರೆ ತಮಟೆಯಲ್ಲಿ ಸಣ್ಣ ಕೊಳವೆ ಇಡುವ ಚಿಕಿತ್ಸೆಯಿದೆ. ಬಿಸಿ ಎಣ್ಣೆ ಹಾಕಬೇಡಿ. ಅದು ತಮಟೆ ದಾಟಿ ಒಳಗೆ ಹೋಗುವುದಿಲ್ಲ.

ಶ್ರವಣ ಯಂತ್ರ ಹಾಕಿಕೊಳ್ಳುವ ಮಗುವಿಗೂ ನೀರು ತುಂಬಬಹುದು. ಇದ್ದಕ್ಕಿದ್ದಂತೆ ಕೇಳಿಸುವುದು ಕಡಿಮೆಯಾದರೆ ಮಿಷಿನ್ನನ್ನಷ್ಟೇ ಅಲ್ಲ, ಕಿವಿಯನ್ನೂ ತೋರಿಸಿ.

ಅಂಗನವಾಡಿ, ಸರ್ಕಾರಿ ಶಾಲೆಗೆ ತಪಾಸಣೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ತಿಳಿಸಿ. ಮುಂದಿನ ಸಭೆಯಲ್ಲಿ ಒಬ್ಬರನ್ನೊಬ್ಬರು ಕೇಳಿ: ನಿಮ್ಮ ಮಗುವಿಗೆ ಸರಿಯಾಗಿ ಕೇಳಿಸುತ್ತಿದೆಯಾ?