ರಾತ್ರಿ ಒಂಬತ್ತೂವರೆಯ ದೆವ್ವಗಳು

ನಮ್ಮಮ್ಮನಿಗೆ ದೆವ್ವದ ಕಥೆ ಅಂದ್ರೆ ಪ್ರಾಣ. ಸಂಜೆ ದೇವರ ಮುಂದೆ ದೀಪ ಹಚ್ಚಿ ಬಂದವಳು ಅದೇ ಕೈಯಲ್ಲಿ ಕೊಲೆ ರಹಸ್ಯದ ಕಾದಂಬರಿ ಹಿಡಿದು ಕೂರ್ತಿದ್ದಳು. ಅರಸೀಕೆರೆಯ ಬಾಡಿಗೆ ಪುಸ್ತಕದ ಅಂಗಡಿಗೆ ಹೋಗಿ ತರೋ ಕೆಲಸ ನನ್ನದು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ, ಟಿ.ಕೆ. ರಾಮರಾವ್, ಯಂಡಮೂರಿ, ಯಾರಾದರೂ ಸರಿ. ಕೊನೇ ಪುಟ ಹರಿದಿರಬಾರದು, ಅಷ್ಟೇ ಅವಳ ಷರತ್ತು. ಒಂದು ಸಲ ಹರಿದ ಪುಸ್ತಕ ತಂದುಬಿಟ್ಟಿದ್ದೆ. ಕೊಲೆ ಮಾಡಿದ್ದು ಯಾರು ಅಂತ ಗೊತ್ತಾಗದೆ ಎರಡು ದಿನ ನನ್ನ ಮೇಲೆ ಸಿಡಿಮಿಡಿ.

ಈಗ ಅಮ್ಮ ಓದುವ ಹಾಗಿಲ್ಲ. ಗ್ಲಾಕೋಮಾ. ಕಣ್ಣಿನೊಳಗಿನ ಒತ್ತಡದಿಂದ ನರ ಹಾಳಾಗ್ತಾ ಹೋಗುತ್ತೆ, ಮೊದಲು ಪಕ್ಕದ ನೋಟ ಹೋಗುತ್ತೆ, ಆದ್ದರಿಂದ ಗೊತ್ತಾಗೋದೇ ತಡ. ಬಾಗಿಲಿಗೆ ಭುಜ ತಾಗಿಸಿಕೊಂಡಾಗೆಲ್ಲ 'ನೋಡ್ಕೊಂಡು ಓಡಾಡಮ್ಮ' ಅಂತ ರೇಗಿದವನು ನಾನೇ. ಹೋದ ದೃಷ್ಟಿ ವಾಪಸ್ ಬರಲ್ಲ, ಉಳಿದದ್ದನ್ನ ಡ್ರಾಪ್ಸ್ ಹಾಕಿ ಕಾಪಾಡಿಕೊಳ್ಳಬೇಕು ಅಂದ್ರು ಡಾಕ್ಟರು. ಆಡಿಯೋ ಬುಕ್ ಹಾಕಿಕೊಟ್ಟೆ. ಎರಡೇ ದಿನ. 'ಆ ಹುಡುಗಿ ಕೊಲೇನೂ ಅದೇ ದನಿಯಲ್ಲಿ ಹೇಳ್ತಾಳೆ, ಕಾಫಿ ಕುಡಿದದ್ದನ್ನೂ ಅದೇ ದನಿಯಲ್ಲಿ ಹೇಳ್ತಾಳೆ. ನೀನೇ ಓದು' ಅಂದಳು. ಹಾಗಾಗಿ ಹೋದ ವರ್ಷದಿಂದ ರಾತ್ರಿ ಒಂಬತ್ತೂವರೆಗೆ ಬೆಂಗಳೂರಿನಿಂದ ಫೋನ್ ಮಾಡಿ ಓದ್ತೀನಿ. ಅಮೆರಿಕದವರ ಜೊತೆ ಮೀಟಿಂಗ್ ಇದ್ದ ದಿನ ಮಾತ್ರ ರಜೆ. ಇಂಗ್ಲಿಷ್ ಪುಸ್ತಕವಾದರೆ ಕಣ್ಣಲ್ಲಿ ಇಂಗ್ಲಿಷ್ ಓದಿ ಬಾಯಲ್ಲಿ ಕನ್ನಡ ಹೇಳೋದು. ಕೋಡ್ ಬರೆಯೋದೇ ಸುಲಭ ಅನ್ನಿಸುತ್ತೆ.

ಮೊದಲು ಓದಿಸಿದ್ದು ಯಂಡಮೂರಿ ವೀರೇಂದ್ರನಾಥರ 'ತುಳಸಿದಳ'. ತೆಲುಗಿನಿಂದ ಬಂದ ಈ ಕಾದಂಬರಿ 1985ರಲ್ಲಿ ಕನ್ನಡದಲ್ಲಿ ಸಿನಿಮಾನೂ ಆಯ್ತು. ಆಸ್ತಿಗಾಗಿ ಒಂದು ಪುಟ್ಟ ಹುಡುಗಿಯ ಮೇಲೆ ಕಾಷ್ಮೋರಾ ಪ್ರಯೋಗ ಮಾಡಿಸ್ತಾರೆ. ಡಾಕ್ಟರುಗಳು ಒಂದು ಕಡೆ, ಮಂತ್ರವಾದಿಗಳು ಒಂದು ಕಡೆ, ಮಗು ದಿನದಿನಕ್ಕೂ ನವೆಯುತ್ತೆ. ಎಂಜಿನಿಯರಿಂಗ್ ಓದಿದ ತಲೆಗೆ ಇದೆಲ್ಲ ನಗು ಬರಿಸುತ್ತೆ ಅಂದುಕೊಂಡಿದ್ದೆ. ಬರಲಿಲ್ಲ. ಉಳಿಸಿದ್ದು ವಿಜ್ಞಾನವೋ ಮಂತ್ರವೋ ಅನ್ನೋದನ್ನ ಯಂಡಮೂರಿ ಜಾಣತನದಿಂದ ಎರಡೂ ಕಡೆಗೆ ಬಾಗಿಲು ತೆರೆದಿಟ್ಟು ಬಿಟ್ಟುಬಿಡ್ತಾರೆ. ಅಮ್ಮ ಇದನ್ನ ಮೂರನೇ ಸಲ ಕೇಳ್ತಿದ್ದರೂ ನಡುರಾತ್ರಿಯ ಭಾಗ ಬಂದಾಗ ಅಪ್ಪನಿಗೆ 'ರೀ, ಹಿತ್ತಲ ಬಾಗಿಲು ಹಾಕಿದ್ದೀರಾ?' ಅಂತ ಕೇಳಿದ್ದು ನನಗೆ ಫೋನಿನಲ್ಲಿ ಕೇಳಿಸಿತು.

ಕೆ.ಎನ್. ಗಣೇಶಯ್ಯನವರ 'ಕರಿಸಿರಿಯಾನ'ದ ಗತಿಯೇ ಬೇರೆ. ಕರಿ ಅಂದರೆ ಆನೆ. 1565ರ ತಾಳಿಕೋಟೆ ಯುದ್ಧದಲ್ಲಿ ಸೋತ ಮೇಲೆ ರಾಮರಾಯನ ತಮ್ಮ ತಿರುಮಲ ವಿಜಯನಗರದ ಐಶ್ವರ್ಯವನ್ನ ಆನೆಗಳ ಮೇಲೆ ಹೇರಿಕೊಂಡು ಪೆನುಕೊಂಡೆ ಕಡೆ ಹೋದ. ಆನೆಗಳು 550 ಅಂತ ರಾಬರ್ಟ್ ಸೀವೆಲ್ ಬರೆದಿದ್ದಾನೆ. ಆ ಐಶ್ವರ್ಯ ಏನಾಯ್ತು ಅನ್ನೋದೇ ಕಾದಂಬರಿ. ಗಣೇಶಯ್ಯನವರು ಕೃಷಿ ವಿಜ್ಞಾನಿ, ಕಥೆಯ ಕೆಳಗೆ ಅಡಿಟಿಪ್ಪಣಿ ಕೊಡದೆ ಅವರಿಗೆ ಸಮಾಧಾನವಿಲ್ಲ. ಒಬ್ಬನೇ ಓದುವಾಗ ಅದು ಮಜಾ, ಇದು ನಿಜವಿರಬಹುದಾ ಅಂತ ಹುಡುಕೋಕೆ ಹೊರಟರೆ ಬೆಳಗಿನ ಜಾವ ಆಗಿರುತ್ತೆ. ಫೋನಿನಲ್ಲಿ ಓದುವಾಗ ಮಾತ್ರ ಪೀಕಲಾಟ. ಅಮ್ಮನದು ಒಂದೇ ಮಾತು: 'ಅವನು ಬೆನ್ನಟ್ಟಿಕೊಂಡು ಬರ್ತಿದ್ದಾನೆ, ನೀನು ಪುಸ್ತಕದ ಪಟ್ಟಿ ಓದ್ತಿದ್ದೀಯ.' ಪಾತ್ರಗಳು ಸ್ವಲ್ಪ ಪಾಠ ಹೇಳುವ ಹಾಗೆ ಮಾತಾಡ್ತಾರೆ ಅನ್ನೋ ಆಕ್ಷೇಪ ನನ್ನದೂ ಇದೆ. ಆದರೂ ಹಂಪಿಗೆ ಈ ಸಲ ಹೋದರೆ ನಾನು ನೆಲ ನೋಡಿಕೊಂಡೇ ಓಡಾಡೋದು.

ಜಪಾನಿನ ಕೀಗೋ ಹಿಗಾಶಿನೋ ಬರೆದ 'ದಿ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್' ನನ್ನ ಆಯ್ಕೆ. ಕೊಲೆ ಮಾಡಿದ್ದು ಯಾರು ಅಂತ ಶುರುವಿನಲ್ಲೇ ಹೇಳಿಬಿಡ್ತಾನೆ. ಡಬ್ಬಿ ಊಟದ ಅಂಗಡಿಯಲ್ಲಿ ಕೆಲಸ ಮಾಡುವ ಯಾಸುಕೋ, ಕಾಟ ಕೊಡುವ ಮಾಜಿ ಗಂಡ, ಪಕ್ಕದ ಮನೆಯ ಗಣಿತದ ಮೇಷ್ಟ್ರು ಇಶಿಗಾಮಿ. ಮೇಷ್ಟ್ರು ಆ ಕೊಲೆಯನ್ನ ಒಂದು ಲೆಕ್ಕದ ಹಾಗೆ ಮುಚ್ಚಿಹಾಕ್ತಾನೆ, ಅವನ ಹಳೇ ಸ್ನೇಹಿತ, ಭೌತಶಾಸ್ತ್ರದ ಪ್ರೊಫೆಸರ್ ಯುಕಾವಾ ಆ ಲೆಕ್ಕ ಬಿಡಿಸೋಕೆ ಕೂರ್ತಾನೆ. ಅಮ್ಮ ಮೊದಲ ದಿನ 'ಕೊಲೆಗಾರಳು ಗೊತ್ತಾದ ಮೇಲೆ ಇನ್ನೇನೋ ಇದೆ ಓದೋಕೆ?' ಅಂದಿದ್ದಳು. ಕೊನೇ ಅಧ್ಯಾಯ ಮುಗಿದಾಗ ಸುಮಾರು ಹೊತ್ತು ಮಾತಿಲ್ಲ. ಆಮೇಲೆ 'ಅಯ್ಯೋ ಪಾಪಿ, ಅಷ್ಟೊಂದು ಪ್ರೀತಿ ಯಾರಿಗೋ ಬೇಕು' ಅಂದಳು. ನಾನು ಓದಿದ ಯಾವ ವಿಮರ್ಶೆಯೂ ಇಷ್ಟು ಸರಿಯಾಗಿ ಹೇಳಿಲ್ಲ.

ವಿವೇಕ ಶಾನಭಾಗರ 'ಸಕೀನಾಳ ಮುತ್ತು' ಪತ್ತೇದಾರಿ ಕಾದಂಬರಿ ಅಲ್ಲವೇ ಅಲ್ಲ. ಆದರೆ ಇಬ್ಬರು ಹುಡುಗರು ಮಗಳನ್ನ ಕೇಳಿಕೊಂಡು ಬಾಗಿಲು ತಟ್ಟೋದರಿಂದ ಹಿಡಿದು, ಏನೋ ಆಗಿದೆ, ಏನು ಅಂತ ಗೊತ್ತಾಗ್ತಿಲ್ಲ ಅನ್ನೋ ದಿಗಿಲು ಕೊನೇವರೆಗೂ ಇಳಿಯೋದಿಲ್ಲ. ಕಥೆ ಹೇಳುವವನು ಬೆಂಗಳೂರಿನಲ್ಲಿರೋ ಎಂಜಿನಿಯರ್, ಬದುಕಿನಲ್ಲಿ ಮುಂದೆ ಬರೋದು ಹೇಗೆ ಅನ್ನೋ ಥರದ ಪುಸ್ತಕ ಓದಿಕೊಂಡವನು. ಓದ್ತಾ ಓದ್ತಾ ನನಗೆ ಇರುಸುಮುರುಸು. ಅಮ್ಮನಿಗೆ ಖುಷಿ, 'ಇವನೂ ನಿನ್ನ ಹಾಗೇ ಕಣೋ, ಎಲ್ಲ ಗೊತ್ತು ಅಂತ ಅಂದ್ಕೊಂಡಿದ್ದಾನೆ' ಅಂತ. ಗಂಟು ಬಿಚ್ಚದೇ ಮುಗಿಸಿದ್ದಕ್ಕೆ ಮಾತ್ರ ಅವಳಿಗೆ ಇವತ್ತಿಗೂ ಸಿಟ್ಟು. ಹರಿದ ಪುಟದ ಪುಸ್ತಕ ಮತ್ತೆ ತಂದೆ ಅನ್ನೋ ಹಾಗೆ ಮಾತಾಡಿದಳು.

ಸ್ಟೀಫನ್ ಕಿಂಗ್‌ನ 'ಪೆಟ್ ಸೆಮಟರಿ' ವಿಷಯಕ್ಕೆ ಬರ್ತೀನಿ. ಕಿಂಗ್ ಬಾಡಿಗೆಗಿದ್ದ ಮನೆಯ ಮುಂದಿನ ರಸ್ತೆಯಲ್ಲಿ ಲಾರಿಗಳ ಓಡಾಟ ಜಾಸ್ತಿ, ಮಗಳ ಬೆಕ್ಕು ಅದಕ್ಕೆ ಸಿಕ್ಕಿ ಸತ್ತಿತ್ತು. ಕಥೆ ಹುಟ್ಟಿದ್ದು ಅಲ್ಲಿಂದ. ಬರೆದು ಮುಗಿಸಿದವನು ತೀರಾ ಭಯಂಕರವಾಯ್ತು ಅಂತ ಎತ್ತಿಟ್ಟುಬಿಟ್ಟಿದ್ದ. ಪ್ರಕಾಶಕರ ಜೊತೆಗಿನ ಒಪ್ಪಂದ ತೀರಿಸಬೇಕಾಗಿ 1983ರಲ್ಲಿ ಹೊರಬಂತು. ಲೂಯಿಸ್ ಅನ್ನೋ ಡಾಕ್ಟರ್, ಹೆಂಡತಿ, ಮಗಳು, ಇನ್ನೂ ಪುಟ್ಟ ಹೆಜ್ಜೆ ಹಾಕುವ ಮಗ ಗೇಜ್. ಕಾಡಿನಾಚೆ ಒಂದು ಹಳೇ ಜಾಗ, ಅಲ್ಲಿ ಹೂತದ್ದು ಎದ್ದು ಬರುತ್ತೆ. ಬೆಕ್ಕು ಬಂತು. ಆದರೆ ವಾಸನೆ ಹೊಡೀತಿತ್ತು, ನಡಿಗೆ ಸರಿಯಿರಲಿಲ್ಲ, ಅದು ಆ ಬೆಕ್ಕಾಗಿರಲಿಲ್ಲ.

ಅಮ್ಮನಿಗೆ ಬೆಕ್ಕಿನವರೆಗೆ ಹೇಳಿದೆ. ಮುಂದಿನದನ್ನ ನಾನು ರಾತ್ರಿಯೇ ಓದಿಕೊಂಡೆ, ಓದಿದ್ದೇ ಬೆವರಿದೆ. ಮುಂದೆ ಲಾರಿಗೆ ಸಿಗೋದು ಗೇಜ್. ನನಗಿಂತ ಮೊದಲು ಅಮ್ಮನಿಗೊಂದು ಹೆಣ್ಣು ಮಗು ಇತ್ತು. ಎರಡೂವರೆ ವರ್ಷಕ್ಕೆ ಜ್ವರ ಬಂದು ಹೋಯಿತು. ಬೀರುವಿನಲ್ಲಿ ಒಂದು ಫೋಟೋ ಇದೆ, ನಮ್ಮನೆಯಲ್ಲಿ ಆ ಮಾತು ಯಾರೂ ಎತ್ತಲ್ಲ. ಮರುದಿನ ಫೋನ್ ಮಾಡಿ, 'ಇದು ಅಷ್ಟು ಚೆನ್ನಾಗಿಲ್ಲಮ್ಮ, ಬೇರೆ ಶುರು ಮಾಡೋಣ' ಅಂದೆ.

'ಮಗು ಸಾಯುತ್ತೆ ತಾನೇ?' ಅಂದಳು. 'ಬೆಕ್ಕು ಎದ್ದು ಬಂದಾಗಲೇ ಗೊತ್ತಾಯ್ತು ಕಣೋ. ನೀನು ಓದು.'

ಓದಿದೆ. ನಡುನಡುವೆ ವಾಕ್ಯ ಹಾರಿಸಿದೆ, ಅವಳಿಗೆ ಗೊತ್ತಾಗಿರಬೇಕು, ಸುಮ್ಮನಿದ್ದಳು. ಎದ್ದು ಬರೋದು ತನ್ನ ಮಗನಾಗಿರಲ್ಲ ಅಂತ ಗೊತ್ತಿದ್ದೂ ಲೂಯಿಸ್ ಗೋರಿ ಅಗೆಯೋಕೆ ಹೊರಡ್ತಾನೆ. ಅಲ್ಲಿ ನಿಲ್ಲಿಸಿ, 'ಎಂಥ ಹುಚ್ಚ ಅಲ್ವಾ' ಅಂದೆ, ಏನಾದರೂ ಹೇಳಬೇಕಲ್ಲ ಅಂತ.

'ನಾನಾಗಿದ್ರೂ ಹೋಗ್ತಿದ್ದೆ' ಅಂದಳು ಅಮ್ಮ.

'ಬೇರೆ ಥರ ಬಂದಿದ್ರೂ?'

'ಹೇಗೆ ಬಂದಿದ್ರೂ.'

ಅವತ್ತು ಮುಂದೆ ಓದಲಿಲ್ಲ. ಅಕ್ಕ ಅನ್ನಕ್ಕೆ ಬೆಲ್ಲ ಕಲಸಿದರೆ ಮಾತ್ರ ತಿನ್ನುತ್ತಿದ್ದಳಂತೆ. ರೈಲಿನ ಸದ್ದು ಕೇಳಿದರೆ ಸಾಕು, ಎಲ್ಲಿದ್ದರೂ ಬಾಗಿಲಿಗೆ ಓಡಿ ಬರ್ತಿದ್ದಳಂತೆ. ಆಸ್ಪತ್ರೆಗೆ ಒಂದು ದಿನ ಮೊದಲೇ ಕರಕೊಂಡು ಹೋಗಬೇಕಿತ್ತು ಅಂತ ಮೂವತ್ತು ವರ್ಷಕ್ಕೂ ಮೇಲೆ ಅಮ್ಮ ಒಬ್ಬಳೇ ಲೆಕ್ಕ ಹಾಕಿಕೊಂಡು ಬಂದಿದ್ದಾಳೆ. ನನಗೆ ಇದ್ಯಾವುದೂ ಗೊತ್ತಿರಲಿಲ್ಲ. ಹಿಂದೆ ಅಪ್ಪ ಟಿವಿ ಆರಿಸಿದ್ದು ಕೇಳಿಸಿತು.

ಮರುದಿನ ಒಂಬತ್ತೂವರೆಗೆ ಫೋನ್ ಎತ್ತಿದವಳು ಹಲೋ ಕೂಡ ಅನ್ನದೆ, 'ಆ ಹುಡುಗ ಎದ್ದು ಬಂದ್ನಾ?' ಅಂತ ಕೇಳಿದಳು. ಎರಡು ವಾರದಲ್ಲಿ ಮುಗಿಸಿದೆವು. ಕೊನೇ ಸಾಲಿಗೆ ನಾನೇ ಲೈಟ್ ಹಾಕಿಕೊಂಡು ಕೂತಿದ್ದೆ, ಅಮ್ಮ 'ಚೆನ್ನಾಗಿ ಬರೆದಿದ್ದಾನೆ' ಅಂದಳು.

ಸದ್ಯ ತೇಜಸ್ವಿಯವರ 'ಚಿದಂಬರ ರಹಸ್ಯ' ನಡೀತಿದೆ. ಏಲಕ್ಕಿ ಬೆಳೆ ಯಾಕೆ ಕಮ್ಮಿಯಾಯ್ತು ಅಂತ ತನಿಖೆಗೆ ಬಂದಿರೋ ಅಂಗಡಿಯ ಪಾಡು ಕೇಳಿ ಅಪ್ಪನೂ ಕುರ್ಚಿ ಎಳಕೊಂಡು ಕೂತಿದ್ದಾರೆ. ಫೋನ್ ಸ್ಪೀಕರಿಗೆ ಹಾಕಬೇಕಂತೆ.