ನೆಂಟರು ಬಂದರೆ ಎಲ್ಲಿ ಉಣಿಸೋಣ?

ಮಂಗಳೂರಿನಿಂದ ಮಧ್ಯಾಹ್ನ ಹೊರಟ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಮರುದಿನ ನಸುಕಿನಲ್ಲಿ ಪನ್ವೇಲ್ ದಾಟಿ ಠಾಣೆಗೆ ಬರುತ್ತದೆ. ಬೆಂಗಳೂರಿನ ಉದ್ಯಾನ್ ಎಕ್ಸ್‌ಪ್ರೆಸ್ ಕಲ್ಯಾಣದಲ್ಲಿ ನಿಲ್ಲುತ್ತದೆ. ‘ಮುಂಬಯಿಗೆ ಹೊರಟೆ’ ಎಂದು ಊರಲ್ಲಿ ಹೇಳಿ ಬಂದವರು ಮುಂಬಯಿ ಮುಟ್ಟುವ ಮೊದಲೇ ನಮ್ಮ ಊರುಗಳಲ್ಲಿ ಇಳಿಯುತ್ತಾರೆ. ನಾವೋ, ಅವರನ್ನು ಸ್ನಾನ ಮಾಡಿಸಿ, ಮತ್ತೆ ಲೋಕಲ್ ಹತ್ತಿಸಿ, ಗೇಟ್‌ವೇ ತೋರಿಸಿ, ಮಾಟುಂಗಾದಲ್ಲಿ ಇಡ್ಲಿ ತಿನ್ನಿಸಿ ಕರೆತರುತ್ತೇವೆ. ಮಾಟುಂಗಾದ ಬಗ್ಗೆ ಎರಡು ಮಾತಿಲ್ಲ. ಸ್ಟೇಷನ್ ಪಕ್ಕದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಿಂದ ಊಟ ಬಡಿಸುತ್ತಿದೆ. ಆದರೆ ಕುಂದಾಪುರದಿಂದಲೋ ಮೈಸೂರಿನಿಂದಲೋ ಬಂದವರಿಗೆ ಸಾರು-ಸಾಂಬಾರು ಉಣಿಸಲು ಅಷ್ಟು ದೂರ ಹೋಗಬೇಕೆ? ಠಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಯಲ್ಲಿ ಊರಿನವರು ಊರಲ್ಲಿ ಕಾಣದ ರುಚಿಗಳಿವೆ. ಅವುಗಳಲ್ಲಿ ಒಂದೆರಡರ ಹಿಂದೆ ಕನ್ನಡ ಕರಾವಳಿಯ ನಂಟೂ ಇದೆ.

ಮಾಮಲೇದಾರ್ ಕಚೇರಿಯ ಮಿಸಳ್

ಠಾಣೆ ಪಶ್ಚಿಮದಲ್ಲಿ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ಹತ್ತಿರ ತಹಸೀಲ್ದಾರರ ಕಚೇರಿ ಇದೆ. ಹಳೆಯ ಮರಾಠಿ ರೂಢಿಯಲ್ಲಿ ತಹಸೀಲ್ದಾರ ಎಂದರೆ ಮಾಮಲೇದಾರ. ಕೋರ್ಟು-ಕಚೇರಿ ಕೆಲಸಕ್ಕೆ ಬರುವ ರೈತರಿಗೂ ಗುಮಾಸ್ತರಿಗೂ ತಿಂಡಿ ಕೊಡಲೆಂದು 1946ರಲ್ಲಿ ನರಸಿಂಹ ಮುರ್ಡೇಶ್ವರ ಅವರು ಅಲ್ಲಿ ಕ್ಯಾಂಟೀನು ತೆರೆದರು. ಅನಂತರ ಮಗ ಲಕ್ಷ್ಮಣ ಮುರ್ಡೇಶ್ವರ ಅದನ್ನು ದಶಕಗಳ ಕಾಲ ನಡೆಸಿದರು. ಅಡ್ಡಹೆಸರು ಭಟ್ಕಳ ತಾಲೂಕಿನ ಮುರ್ಡೇಶ್ವರದ್ದೆಂದು ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಮರಾಠಿ ಮಂದಿ ತಮ್ಮದೆಂದು ಎದೆ ತಟ್ಟಿ ಹೇಳುವ ಠಾಣೆಯ ತಿಂಡಿ ಹೀಗೆ ಮುರ್ಡೇಶ್ವರ ಮನೆತನದ ಹೆಸರಿನೊಂದಿಗೆ ಬೆಳೆದಿದೆ.

ಮಿಸಳ್ ಎಂದರೆ ಮೊಳಕೆ ಬರಿಸಿದ ಮಡಕೆ ಕಾಳಿನ ಉಸಳ್, ಅದರ ಮೇಲೆ ಫರಸಾಣ್, ಹಸಿ ಈರುಳ್ಳಿ, ಮೇಲಿಂದ ಸುರಿಯುವ ಕೆಂಪು ರಸ್ಸಾ, ಪಕ್ಕದಲ್ಲಿ ಪಾವ್. ಮಸಾಲೆಯ ಕಸುವೆಲ್ಲ ರಸ್ಸಾದ ಮೇಲೆ ತೇಲುವ ಎಣ್ಣೆಯ ತರ್ರಿಯಲ್ಲಿ ಇರುತ್ತದೆ. ಖಾರ ಎಷ್ಟಿರಲಿ ಎಂದು ಮೊದಲೇ ಕೇಳುತ್ತಾರೆ. ಊರಿಂದ ಬಂದ ಭಾವ ‘ಬ್ಯಾಡಗಿ ತಿಂದವರು ನಾವು’ ಎಂದು ಮೀಸೆ ತಿರುವಿದರೂ ಮೊದಲ ಸಲ ಮಧ್ಯಮ ಖಾರವನ್ನೇ ಹೇಳಿ. ಬ್ಯಾಡಗಿ ಮೆಣಸಿನದು ಬಣ್ಣದ ಹೆಸರು; ಇಲ್ಲಿಯದು ಬೆವರಿಳಿಸುವ ಖಾರ. ಜೊತೆಗೆ ಮಜ್ಜಿಗೆ ತರಿಸಿಕೊಳ್ಳಿ. ಈಗ ಬೇರೆಡೆ ಶಾಖೆಗಳಿದ್ದರೂ ನೆಂಟರನ್ನು ಮೂಲ ಜಾಗಕ್ಕೇ ಒಯ್ಯಬೇಕು. ಬೆಂಚು ಹಂಚಿಕೊಂಡು, ಎದುರಿಗಿದ್ದವರ ಮೂಗು ಸೋರುವುದನ್ನು ನೋಡುತ್ತ ತಿಂದರೇ ಅದರ ಗಮ್ಮತ್ತು.

ವಡಾಪಾವ್‌ನಲ್ಲೂ ಊರೂರಿಗೆ ಬೇರೆ

1966ರಲ್ಲಿ ದಾದರ್ ಸ್ಟೇಷನ್ ಹೊರಗೆ ಅಶೋಕ್ ವೈದ್ಯ ಎಂಬವರು ವಡೆಯನ್ನು ಪಾವ್‌ನೊಳಗಿಟ್ಟು ಮಾರಿದರೆಂಬುದು ವಡಾಪಾವ್ ಹುಟ್ಟಿನ ಬಗ್ಗೆ ಎಲ್ಲರೂ ಹೇಳುವ ಕಥೆ. ದಾದರಿನಿಂದ ಹಳಿ ಹಿಡಿದು ಬಂದ ತಿಂಡಿ ಒಂದೊಂದು ಊರಲ್ಲಿ ಒಂದೊಂದು ವೇಷ ತೊಟ್ಟಿದೆ. ಠಾಣೆ ಸ್ಟೇಷನ್ ಎದುರಿನ ಕುಂಜವಿಹಾರದಲ್ಲಿ ವಡೆಯ ಗಾತ್ರವೇ ದೊಡ್ಡದು. ಒಂದು ತಿಂದರೆ ಊಟ ಬೇಡ. ನೌಪಾಡಾದ ಗಜಾನನದಲ್ಲಿ ವಡೆಗಿಂತ ಚಟ್ನಿಗೆ ಹೆಸರು. ಕಡಲೆಹಿಟ್ಟಿನ ಹಳದಿ ಚಟ್ನಿ ಅದು, ಬೆಳ್ಳುಳ್ಳಿಯ ಒಣ ಚಟ್ನಿಗೆ ಒಗ್ಗಿದ ನಾಲಿಗೆಗೆ ಹೊಸದು.

ಕಲ್ಯಾಣದ ತಿಳಕ್ ಚೌಕದ ಬಳಿ ಖಿಡ್ಕಿ ವಡಾ ಇದೆ. 1960ರ ದಶಕದ ಕೊನೆಯಲ್ಲಿ ವಝೆ ದಂಪತಿ ಮನೆಯಲ್ಲೇ ವಡೆ ಕರಿದು ಕಿಟಕಿಯಿಂದ ಕೊಡತೊಡಗಿದರು. ಅಂಗಡಿಗೆ ಹೆಸರಿರಲಿಲ್ಲ, ಕಿಟಕಿಯೇ ಹೆಸರಾಯಿತು. ಮನೆಯಲ್ಲಿ ಶುರುವಾದ ತಿಂಡಿ ದುಡಿಮೆಯಾಗಿ ಬೆಳೆದ ಬಗೆಯನ್ನು ನೆಂಟರಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಈ ಕಡೆ ಸಿಗದು. ಕಲ್ಯಾಣದಲ್ಲಿ ಇಳಿಯುವ ಬೆಂಗಳೂರಿನವರಿಗೆ ಸ್ವಾಗತದ ತಿಂಡಿಯಾಗಿ ಇದನ್ನೇ ಕೊಡಬಹುದು.

ಡೊಂಬಿವಲಿಯ ಮನೆ ರುಚಿ

ಡೊಂಬಿವಲಿ ಮಧ್ಯಮವರ್ಗದ ಊರು. ಡೊಂಬಿವಲಿ ಕರ್ನಾಟಕ ಸಂಘ, ಅದು ನಡೆಸುವ ಮಂಜುನಾಥ ವಿದ್ಯಾಲಯಗಳಿಂದ ಕನ್ನಡಿಗರಿಗೆ ಹಳೆಯ ಪರಿಚಯದ ಊರೂ ಹೌದು. ಗಂಡ-ಹೆಂಡತಿ ಇಬ್ಬರೂ ಲೋಕಲ್ ಹಿಡಿದು ದುಡಿಯಲು ಹೋಗುವ ಇಲ್ಲಿ ಪೋಳಿ-ಭಾಜಿ ಕೇಂದ್ರಗಳು ಬೇರೂರಿದವು. ಸಂಜೆ ಗಾಡಿ ಇಳಿದವರು ಚಪಾತಿಯನ್ನು ಎಣಿಸಿ, ಪಲ್ಯವನ್ನು ತೂಗಿಸಿ ಕಟ್ಟಿಸಿಕೊಳ್ಳುತ್ತಾರೆ. ಹಬ್ಬ ಬಂದರೆ ಪೂರಣಪೋಳಿ, ಚೌತಿಗೆ ಉಕಡೀಚೆ ಮೋದಕ. ಹೆಚ್ಚಿನವು ಹೆಂಗಸರ ಕೈಯಲ್ಲಿ ನಡೆಯುವ ಸಣ್ಣ ಉದ್ಯೋಗಗಳು.

ನೆಂಟರನ್ನು ಸಂಜೆ ಫಡಕೆ ರೋಡಿನಲ್ಲಿ ಸುತ್ತಾಡಿಸಿ, ಇಂಥ ಒಂದು ಕೇಂದ್ರದಿಂದ ಅಳೂವಡಿ, ಕೊತ್ತಂಬರಿ ವಡಿ, ಥಾಲಿಪೀಠ ಕಟ್ಟಿಸಿ ತನ್ನಿ. ಅಳೂವಡಿ ಕಂಡೊಡನೆ ಉಡುಪಿಯ ಅತ್ತೆ ‘ಇದು ಪತ್ರೊಡೆಯಲ್ಲವೋ’ ಎನ್ನುತ್ತಾರೆ. ಎಲೆ ಅದೇ ಕೆಸುವಿನದು, ಹಚ್ಚಿ ಸುತ್ತುವ ಕ್ರಮವೂ ಅದೇ. ನಾವು ಅಕ್ಕಿ ನೆನೆಸಿ ರುಬ್ಬಿ ಹಚ್ಚಿದರೆ ಇವರು ಕಡಲೆಹಿಟ್ಟಿಗೆ ಹುಣಿಸೆ-ಬೆಲ್ಲ ಬೆರೆಸಿ ಹಚ್ಚುತ್ತಾರೆ; ಹಬೆಯಲ್ಲಿ ಬೇಯಿಸಿ, ಕೊಯ್ದು ಎಣ್ಣೆಗೆ ಬಿಡುತ್ತಾರೆ. ಪೂರಣಪೋಳಿಯ ಜೊತೆ ಬರುವ ಕಟಾಚಿ ಆಮ್ಟಿ ಹುಬ್ಬಳ್ಳಿಯವರಿಗೆ ಹೋಳಿಗೆ ಸಾರಿನ ಒಡಹುಟ್ಟು. ಕೂತು ಉಣ್ಣಬೇಕೆಂದರೆ ಠಾಣೆಯ ಘಂಟಾಳಿಯ ‘ಮೇತ್‌ಕೂಟ್’ನಲ್ಲಿ ಮರಾಠಿ ಮನೆಯಡುಗೆ ಸಿಗುತ್ತದೆ.

ಖಾಡಿಯಾಚೆಯ ಮೀನು, ಪೋಪ್ಟಿ

ಠಾಣೆಯಿಂದ ಟ್ರಾನ್ಸ್‌ಹಾರ್ಬರ್ ಲೋಕಲ್ ಹಿಡಿದರೆ ಖಾಡಿಯ, ಅಂದರೆ ಕಡಲ ಹಿನ್ನೀರಿನ, ಆಚೆಗೆ ಐರೋಲಿ, ಘನ್ಸೋಲಿ ದಾಟಿ ವಾಶಿ. 1970ರಲ್ಲಿ ಸಿಡ್ಕೋ ಎಂಬ ಸರಕಾರಿ ಸಂಸ್ಥೆ ಹುಟ್ಟಿ, 95 ಹಳ್ಳಿಗಳ ಜಮೀನು ಪಡೆದು ಕಟ್ಟಿದ ನಗರ ನವಿಮುಂಬಯಿ. ಜಮೀನು ಹೋದರೂ ಹಳ್ಳಿಗಳು ಸೆಕ್ಟರುಗಳ ನಡುವೆ ಗಾವಠಾಣಗಳಾಗಿ ಉಳಿದಿವೆ. ಅಲ್ಲಿಯ ಆಗ್ರಿ ಮತ್ತು ಕೋಳಿ ಸಮುದಾಯದವರ ಅಡುಗೆಯೇ ಈ ನೆಲದ ಮೂಲ ರುಚಿ. ಬೇಲಾಪುರದ ದಿವಾಳೆ ಕೋಳಿವಾಡದ ಮೀನು ಮಾರುಕಟ್ಟೆ ನೋಡಿಸಿ, ಯಾವುದಾದರೂ ಆಗ್ರಿ ಖಾನಾವಳಿಯಲ್ಲಿ ಕೂಡಿಸಿ. ಗರಿಗರಿಯಾಗಿ ಕರಿದ ಬೊಂಬಿಲ್ ಮೀನು, ಜವಳಾ ಎಂಬ ಸಣ್ಣ ಸಿಗಡಿಯ ಪಲ್ಯ, ಕೈಯಲ್ಲಿ ತಟ್ಟಿದ ಅಕ್ಕಿ ಭಾಕರಿ ಹೇಳಿ. ಬಂಗುಡೆ ಪುಳಿಮುಂಚಿ ಉಂಡು ಬೆಳೆದವರು ತೆಂಗಿನಕಾಯಿ ಕಡಿಮೆಯಾಯಿತು ಎಂದಾರು. ಬೊಂಬಿಲ್ ಬಾಯಲ್ಲಿ ಕರಗಿದ ಮೇಲೆ ಆ ತಕರಾರು ನಿಲ್ಲುತ್ತದೆ.

ಡಿಸೆಂಬರ್-ಜನವರಿಯಲ್ಲಿ ಬಂದವರು ಪುಣ್ಯವಂತರು. ಪನ್ವೇಲ್ ಕಡೆ ಅದು ಪೋಪ್ಟಿಯ ಕಾಲ. ಮಣ್ಣಿನ ಮಡಕೆಗೆ ಭಾಂಬುರ್ಡಾ ಎಂಬ ಕಾಡು ಗಿಡದ ಸೊಪ್ಪು ಹಾಸಿ, ಓಮ-ಉಪ್ಪು ಬೆರೆಸಿದ ವಾಲ್ ಕಾಯಿ, ಬಟಾಟೆ, ಬೇಕಾದವರು ಮೊಟ್ಟೆ, ಮಸಾಲೆ ಹಚ್ಚಿದ ಕೋಳಿ ತುಂಬಿ, ಸೊಪ್ಪಿನಿಂದಲೇ ಬಾಯಿ ಮುಚ್ಚುತ್ತಾರೆ. ಮಡಕೆಯನ್ನು ಹೊಲದಲ್ಲಿ ಬೋರಲು ಹಾಕಿ ಸುತ್ತ ಹುಲ್ಲು ಒಟ್ಟಿ ಬೆಂಕಿ ಕೊಡುತ್ತಾರೆ. ನೀರಿನ ಹನಿ ಸೇರಿಸುವುದಿಲ್ಲ. ಸೊಪ್ಪಿನ ಹಬೆಯಲ್ಲೇ ಬೇಯುತ್ತದೆ. ವಾಲ್ ನಮ್ಮ ಅವರೆಯ ಜಾತಿಯದೇ. ಸೊಗಡು ಅವರೆಗೆ ಪ್ರಾಣ ಬಿಡುವ ಬೆಂಗಳೂರಿನವರಿಗೆ ಇದನ್ನು ತಪ್ಪಿಸಬೇಡಿ. ಮಾರ್ಚಿನಿಂದ ಮೇ ತನಕ ಬಂದವರನ್ನು ವಾಶಿಯ ಎಪಿಎಂಸಿಗೆ ಒಯ್ದು ಕೊಂಕಣದ ಹಾಪೂಸ್ ಪೆಟ್ಟಿಗೆ ತೋರಿಸಿ. ಧಾರವಾಡದವರಾದರೆ ‘ನಮ್ಮ ಆಪೂಸ್ ಏನು ಕಡಿಮೆ’ ಎಂಬ ವಾದಕ್ಕೆ ಸಿದ್ಧರಾಗಿಯೇ ಹೋಗಿ.

ಹಿರಿಯರಿದ್ದರೆ

ಎಪ್ಪತ್ತು ದಾಟಿದ ಅಪ್ಪ-ಅಮ್ಮನಿಗೆ ಮೂರನೆಯ ದಿನ ತಿಳಿಸಾರು, ಮೊಸರನ್ನ ಬೇಕೇ ಬೇಕು. ಅದಕ್ಕೆ ಈ ನಾಲ್ಕೂ ಊರುಗಳಲ್ಲಿ ಸ್ಟೇಷನ್ ಸುತ್ತಮುತ್ತ ಶೆಟ್ಟರ ಹೋಟೆಲುಗಳಿವೆ. ಇಡ್ಲಿಯಿಂದ ಪಾವ್‌ಭಾಜಿ, ಚೈನೀಸ್ ತನಕ ಒಂದೇ ಮೆನುವಿನಲ್ಲಿ ಇಳಿಸಿದವರು ಅವರು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಯಲ್ಲಿ ಕಲಿತ ತಲೆಮಾರಿನವರು ಗಲ್ಲೆಯಲ್ಲಿ ಕೂತಿದ್ದರೆ, ‘ಊರು ಯಾವುದು ಮಾರಾಯರೆ’ ಎಂಬ ಒಂದು ಮಾತಿಗೆ ಮಾತು ಬೆಳೆಯುತ್ತದೆ. ನೆರೂಳಿನ ಶನೀಶ್ವರ ಮಂದಿರ, ಘನ್ಸೋಲಿಯ ಮೂಕಾಂಬಿಕಾ ದೇವಸ್ಥಾನಗಳ ಉತ್ಸವದ ದಿನ ಬಂದರೆ ದರ್ಶನ, ಪ್ರಸಾದದ ಊಟ ಎರಡೂ ಆಗುತ್ತವೆ.

ಮುಂಬಯಿ ಎಲ್ಲಿಗೂ ಹೋಗುವುದಿಲ್ಲ. ಗೇಟ್‌ವೇಯನ್ನು ಮರುದಿನವೂ ನೋಡಬಹುದು. ನೆಂಟರ ಮೊದಲ ದಿನವನ್ನು ನಾವಿರುವ ಊರಿಗೇ ಕೊಡಿ. ಬೆಳಿಗ್ಗೆ ಮಿಸಳ್, ಮಧ್ಯಾಹ್ನ ಖಾಡಿಯಾಚೆ ಮೀನು, ಸಂಜೆ ಡೊಂಬಿವಲಿ ಎಂದು ಇಟ್ಟುಕೊಂಡರೆ ಸರಿಹೋಗುತ್ತದೆ. ಕಚೇರಿ ಹೊತ್ತಿನ ಲೋಕಲ್‌ಗೆ ಹೊಸಬರನ್ನು ಹತ್ತಿಸಬೇಡಿ. ಭಾನುವಾರ ಹೊರಡುವುದಾದರೆ ಹಳಿ ದುರಸ್ತಿಗೆಂದು ಗಾಡಿ ನಿಲ್ಲಿಸುವ ಮೆಗಾಬ್ಲಾಕ್ ಯಾವ ಮಾರ್ಗದಲ್ಲಿ ಎಂದು ಹಿಂದಿನ ದಿನವೇ ನೋಡಿಕೊಳ್ಳಿ.